ಸ್ನಾನದ ಬಿಲ್ಲಿನಲ್ಲಿ ಹುಳದ ಮಾತ್ರೆ: ಮಾರುವವರ ಹೊಣೆ ಎಲ್ಲಿಯವರೆಗೆ?

ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟು 2025ರ ಆಗಸ್ಟ್ 22ರಂದು ಕೊಟ್ಟ ಆದೇಶದಲ್ಲಿ ಮೂರು ಕೆಲಸಗಳ ಹೆಸರಿತ್ತು. ಹಿಡಿದ ನಾಯಿಗೆ ಸಂತಾನಹರಣ ಚಿಕಿತ್ಸೆ ಆಗಬೇಕು, ಜಂತುಹುಳದ ಮದ್ದು ಕೊಡಬೇಕು, ಲಸಿಕೆ ಹಾಕಬೇಕು. ಹುಚ್ಚು ಹಿಡಿದ ಮತ್ತು ಮೈಮೇಲೆ ಬೀಳುವ ಸ್ವಭಾವದ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ವಾಪಸು ಬಿಡಬೇಕು. ಸಂತಾನಹರಣದ ಬಗ್ಗೆ, ಲಸಿಕೆಯ ಬಗ್ಗೆ ಚರ್ಚೆ ನಡೆದದ್ದೇ ನಡೆದದ್ದು. ನಡುವೆ ಕೂತಿದ್ದ ಹುಳದ ಮದ್ದಿನ ಮೇಲೆ ಹೆಚ್ಚಿನವರ ಕಣ್ಣು ಬಿದ್ದಂತಿಲ್ಲ.

ಬೀದಿನಾಯಿಯ ಹುಳಕ್ಕೆ ಕೋರ್ಟಾದರೂ ಇದೆ. ಮನೆನಾಯಿಯ ಹುಳಕ್ಕೆ ಯಾರಿದ್ದಾರೆ?

ಹಿಂದೆ ಗಡಿಯ ಹಳ್ಳಿಗಳಲ್ಲಿ ಈ ಪ್ರಶ್ನೆ ಏಳುತ್ತಿದ್ದುದೇ ಕಡಿಮೆ. ತೋಟ ಕಾಯುವ ನಾಯಿ ಗಂಜಿ ಕುಡಿದು ಹಟ್ಟಿಯ ಬದಿಯಲ್ಲಿ ಮಲಗುತ್ತಿತ್ತು, ಒಳಗೆ ಬರುತ್ತಿರಲಿಲ್ಲ. ಈಗ ನಾಯಿ ಒಳಗೆ ಬಂದಿದೆ. 2020ರ ಲಾಕ್‌ಡೌನಿನ ನಂತರವಂತೂ ಲ್ಯಾಬ್ರಡಾರ್, ಶಿಟ್ಜು, ಪರ್ಷಿಯನ್ ಬೆಕ್ಕು ಎಲ್ಲವೂ ಪೇಟೆ ದಾಟಿ ಹಳ್ಳಿಯ ಸೋಫಾದ ಮೇಲೆ ಕೂತಿವೆ. ಒಳಗೆ ಬಂದ ಮೇಲೆ ಸ್ನಾನ ಆಗಬೇಕು, ಉಗುರು ಕತ್ತರಿಸಬೇಕು, ಕೂದಲು ಬಾಚಬೇಕು. ಅದಕ್ಕಾಗಿಯೇ ಗ್ರೂಮಿಂಗ್ ಪಾರ್ಲರುಗಳು ಹುಟ್ಟಿಕೊಂಡವು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರಿನವು ಹತ್ತಿರ. ಹೊಸೂರಿನವರಿಗೆ ಅತ್ತಿಬೆಲೆ ದಾಟಿದರೆ ಬೆಂಗಳೂರು. ಇಂಥ ಪಾರ್ಲರಿನಲ್ಲಿ ಶಾಂಪೂ, ಬೆಲ್ಟು, ಬಿಸ್ಕತ್ತುಗಳ ಪಕ್ಕದಲ್ಲಿ ಹುಳದ ಮಾತ್ರೆಯ ಸ್ಟ್ರಿಪ್ಪೂ ಇದ್ದರೆ ಗಿರಾಕಿಗೆ ಅದೂ ಒಂದು ಬಿಸ್ಕತ್ತಿನ ಹಾಗೆಯೇ ಕಾಣುತ್ತದೆ. ‘ಹೇಗೂ ಬಂದಿದ್ದೀರಿ, ಇದನ್ನೂ ಒಂದು ಕೊಟ್ಟುಬಿಡಿ’ ಎಂಬ ಒಂದೇ ಮಾತಿಗೆ ವ್ಯಾಪಾರ ಮುಗಿಯುತ್ತದೆ.

ಆ ವ್ಯಾಪಾರ ತಪ್ಪೇ? ನೇರ ಉತ್ತರ ಹೇಳುವ ಮೊದಲು ಪಾರ್ಲರಿನವನ ಪರವಾಗಿ ಒಂದು ಮಾತು ಹೇಳಲೇಬೇಕು. ನಾಯಿಯನ್ನು ಅವನು ನೋಡುವಷ್ಟು ಹತ್ತಿರದಿಂದ ಮನೆಯವರೂ ನೋಡುವುದಿಲ್ಲ. ಪಶುವೈದ್ಯರ ಬಳಿಗೆ ನಾಯಿ ಹೋಗುವುದು ವರ್ಷಕ್ಕೊಮ್ಮೆ, ಅದೂ ಹುಚ್ಚುನಾಯಿ ರೋಗದ ಲಸಿಕೆಗೆ. ಕೇರಳದಲ್ಲಿ ನಾಯಿ ಸಾಕಲು ಪಂಚಾಯತಿನ ಲೈಸೆನ್ಸ್ ಬೇಕು, ಲೈಸೆನ್ಸಿಗೆ ಆ ಲಸಿಕೆಯ ಪ್ರಮಾಣಪತ್ರ ಬೇಕು. ಅದೊಂದು ಕಾಗದ ಕೈಗೆ ಸಿಕ್ಕಿದರೆ ಮೃಗಾಸ್ಪತ್ರೆಯ ಕಡೆ ಮತ್ತೆ ಮುಖ ಹಾಕುವವರು ಕಡಿಮೆ. ಪಾರ್ಲರಿಗಾದರೋ ತಿಂಗಳಿಗೊಮ್ಮೆ ಹೋಗುವವರಿದ್ದಾರೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತೆ, ಸೌತೆಬೀಜದಂತೆ ಅಂಟಿಕೊಂಡಿರುವ ಲಾಡಿಹುಳದ ತುಂಡುಗಳು ಮೊದಲು ಕಣ್ಣಿಗೆ ಬೀಳುವುದು ಅವನಿಗೆ. ಕೂದಲ ಸಂದಿನ ಚಿಗಟವನ್ನು ಕಾಣುವವನೂ ಅವನೇ. ಹೊಟ್ಟೆ ಮಾತ್ರ ಉಬ್ಬಿ ಬೆನ್ನುಮೂಳೆ ಎದ್ದ ಮರಿಯನ್ನು, ಬಿಳಿಚಿಕೊಂಡ ಒಸಡನ್ನು ಗಮನಿಸುವ ಅವಕಾಶವೂ ಅವನಿಗಿದೆ.

ಆದರೆ ಎಡವುವುದೂ ಇಲ್ಲೇ. ಕಣ್ಣಿಗೆ ಕಾಣುವ ಹುಳವೇ ಅಪಾಯದ ಹುಳವಲ್ಲ.

ಅಕ್ಕಿಕಾಳಿನಂಥ ತುಂಡು ಬಿಡುವ ಲಾಡಿಹುಳ ಸಾಮಾನ್ಯವಾಗಿ ಡೈಪಿಲಿಡಿಯಂ ಎಂಬ ಜಾತಿಯದು. ನೋಡಲು ಅಸಹ್ಯ, ನಾಯಿ ಹಿಂಭಾಗವನ್ನು ನೆಲಕ್ಕೆ ಉಜ್ಜುತ್ತದೆ, ಅಷ್ಟೇ. ಅದು ನಾಯಿಗೆ ಬರುವುದು ಚಿಗಟ ನುಂಗುವುದರಿಂದ. ಹಾಗಾಗಿ ಮಾತ್ರೆ ಕೊಟ್ಟು ಚಿಗಟವನ್ನು ಹಾಗೆಯೇ ಬಿಟ್ಟರೆ ಕೆಲವೇ ವಾರಗಳಲ್ಲಿ ಅಕ್ಕಿಕಾಳು ಮತ್ತೆ ಹಾಜರು. ಗಿರಾಕಿ ‘ಮಾತ್ರೆ ಡೂಪ್ಲಿಕೇಟು’ ಎಂದು ಜಗಳಕ್ಕೆ ಬರುತ್ತಾನೆ. ಮಾತ್ರೆಯದು ತಪ್ಪಿಲ್ಲ, ಚಿಗಟದ ವಿಷಯ ಹೇಳದವನದು ತಪ್ಪು.

ಇನ್ನು ಕಾಣದ ಹುಳಗಳು. ದುಂಡುಹುಳ ತಾಯಿಯ ಗರ್ಭದಲ್ಲಿರುವಾಗಲೇ ಮರಿಯ ಮೈಸೇರುತ್ತದೆ. ಕೊಕ್ಕೆಹುಳ ತಾಯಿಯ ಹಾಲಿನಲ್ಲಿ ಬರುತ್ತದೆ. ಅಂದರೆ ‘ಮರಿ ಇನ್ನೂ ಹೊರಗೇ ಹೋಗಿಲ್ಲ, ಹುಳ ಎಲ್ಲಿಂದ’ ಎಂಬ ವಾದಕ್ಕೆ ಅರ್ಥವಿಲ್ಲ. ದುಂಡುಹುಳದ ಮೊಟ್ಟೆ ಮಲದೊಂದಿಗೆ ಅಂಗಳಕ್ಕೆ ಬಿದ್ದು, ಕೆಲವು ವಾರ ಮಣ್ಣಿನಲ್ಲಿದ್ದು ಬಲಿತ ಮೇಲೆ ವರ್ಷಗಟ್ಟಲೆ ಬದುಕುತ್ತದೆ. ಅಲ್ಲಿ ಆಡುವ ಮಗು ಮಣ್ಣಿನ ಕೈ ಬಾಯಿಗಿಟ್ಟರೆ ಮರಿಹುಳ ಮಗುವಿನ ಪಿತ್ತಜನಕಾಂಗಕ್ಕೋ ಶ್ವಾಸಕೋಶಕ್ಕೋ ಹೋಗಬಹುದು. ಅಪರೂಪಕ್ಕೆ ಕಣ್ಣಿಗೆ ಹೋಗಿ ದೃಷ್ಟಿಯನ್ನೇ ತೆಗೆಯಬಹುದು. ಕೊಕ್ಕೆಹುಳದ್ದು ಇನ್ನೊಂದು ದಾರಿ. ಒದ್ದೆ ಮಣ್ಣಿನಲ್ಲಿ, ಕಡಲ ಬದಿಯ ಹೊಯ್ಗೆಯಲ್ಲಿ ಬರಿಗಾಲಿನಲ್ಲಿ ನಡೆದವರ ಚರ್ಮವನ್ನೇ ಹೊಕ್ಕು, ಹಾವು ಹರಿದಂತೆ ಕೆಂಪು ಗೆರೆ ಎಬ್ಬಿಸಿ ತುರಿಸುತ್ತದೆ. ಅಡಿಕೆ ತೋಟದ ನೆರಳಿಗೂ ಮಳೆಗಾಲದ ತೇವಕ್ಕೂ ಹೆಸರಾದ ಕಾಸರಗೋಡಿನಂಥ ಕಡೆ ಈ ಹುಳಕ್ಕೆ ಬೇಕಾದದ್ದೆಲ್ಲ ಇದೆ.

ಇದು ಕರಾವಳಿಯ ಚಿತ್ರ. ಒಣನಾಡಿನ ಗಡಿಗೆ, ಅಂದರೆ ಮಡಕಶಿರಾ, ರಾಯದುರ್ಗ, ಜತ್ತದ ಕುರಿ ಸಾಕುವ ಸೀಮೆಗೆ ಹೋದರೆ ಚಿಂತೆ ಬೇರೆ. ಅಲ್ಲಿನ ಕಾಯಿಲೆಯ ಹೆಸರು ಹೈಡಾಟಿಡ್ ಗಡ್ಡೆ. ಇದನ್ನು ತರುವ ಎಕಿನೊಕಾಕಸ್ ಎಂಬ ಲಾಡಿಹುಳದ ಉದ್ದ ಕೆಲವೇ ಮಿಲಿಮೀಟರು. ಕುರಿ ಕೊಯ್ದಾಗ ಗುಳ್ಳೆಗಟ್ಟಿದ ಪಿತ್ತಜನಕಾಂಗ, ಶ್ವಾಸಕೋಶವನ್ನು ನಾಯಿಗೆ ಎಸೆದರೆ ಅದರ ಕರುಳಿನಲ್ಲಿ ಈ ಹುಳ ಬೆಳೆಯುತ್ತದೆ. ನಾಯಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಅದರ ಮಲದಿಂದ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದರೆ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆದ ಗಡ್ಡೆ ಕೊನೆಗೆ ಆಪರೇಷನ್ ಟೇಬಲ್ಲಿಗೆ ತಂದು ಮಲಗಿಸುತ್ತದೆ. ಈ ಹುಳ ಪಾರ್ಲರಿನವನ ಕಣ್ಣಿಗೆ ಎಂದೂ ಬೀಳದು. ಎಲ್ಲ ಹುಳದ ಮಾತ್ರೆಗೂ ಇದು ಸಾಯುವುದೂ ಇಲ್ಲ. ಪ್ರಾಜಿಕ್ವಾಂಟೆಲ್ ಎಂಬ ಮದ್ದು ಬೇಕು. ಬರೀ ಪೈರಾಂಟೆಲ್ ಇರುವ ಮದ್ದನ್ನು ‘ಹುಳದ ಔಷಧಿ’ ಎಂದು ಕೊಂಡುಹೋದ ಕುರಿಗಾಹಿ ನೆಮ್ಮದಿಯಿಂದಿರುತ್ತಾನೆ, ಹುಳವೂ ನೆಮ್ಮದಿಯಿಂದಿರುತ್ತದೆ! ಅಂಥ ಮನೆಗೆ ಮಾತ್ರೆಗಿಂತ ಮೊದಲು ಹೇಳಬೇಕಾದ ಮಾತು, ಕೊಯ್ದ ಕುರಿಯ ಒಳಭಾಗವನ್ನು ಹಸಿಯಾಗಿ ನಾಯಿಗೆ ಹಾಕಬೇಡಿ, ಹೂಳಿ ಎಂಬುದು. ಆ ಮಾತಿಗೆ ಬಿಲ್ಲು ಹಾಕಲಾಗದು, ಅದಕ್ಕೇ ಅದು ಕೌಂಟರಿನಲ್ಲಿ ಕೇಳಿಬರುವುದಿಲ್ಲ.

ತೂಕ ಗೊತ್ತಿಲ್ಲದ ಮಾತ್ರೆ

ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಮೂರೂ ಸೇರಿದ ನಾಯಿಮಾತ್ರೆ ಎಲ್ಲೆಡೆ ಸಿಗುವಂಥದ್ದು. ಸಾಮಾನ್ಯವಾಗಿ 10 ಕಿಲೋ ತೂಕಕ್ಕೆ ಒಂದು ಮಾತ್ರೆ. 28 ಕಿಲೋ ತೂಗುವ ಲ್ಯಾಬ್ರಡಾರನ್ನು ಕಣ್ಣಂದಾಜಿನಲ್ಲಿ ‘ಇಪ್ಪತ್ತು ಇರಬಹುದು’ ಎಂದು ಎರಡು ಮಾತ್ರೆ ಕೊಟ್ಟರೆ ಮೂರನೆಯದು ಅಂಗಡಿಯಲ್ಲೇ ಉಳಿಯಿತು, ಅದರ ಪಾಲಿನ ಹುಳ ನಾಯಿಯಲ್ಲೇ ಉಳಿಯಿತು. ಇನ್ನೂ ಮೂರು ಕಿಲೋ ಆಗದ ಮರಿಗೆ ಇದೇ ಮಾತ್ರೆಯನ್ನು ಮುರಿದು ಕೊಡುವುದೂ ಸರಿಯಲ್ಲ. ಮರಿಗಳಿಗೆಂದೇ ದ್ರವರೂಪದ ಮದ್ದಿದೆ. ತೂಕದ ಯಂತ್ರದ ಮೇಲೆ ನಿಲ್ಲಿಸದೆ ಹುಳದ ಮಾತ್ರೆ ಕೊಡುವವನು ಅಳತೆ ತೆಗೆಯದೆ ಬಟ್ಟೆ ಕತ್ತರಿಸುವ ದರ್ಜಿಯ ಹಾಗೆ.

ಎಷ್ಟು ದಿನಕ್ಕೊಮ್ಮೆ ಎಂಬುದು ಇನ್ನೊಂದು ತಕರಾರು. ಯುರೋಪಿನ ಪಶುವೈದ್ಯ ಪರಾವಲಂಬಿ ತಜ್ಞರ ಮಂಡಳಿ ಎಸ್ಕ್ಯಾಪ್ ಹೇಳುವ ಲೆಕ್ಕದಂತೆ ನಾಯಿಮರಿಗೆ ಎರಡು ವಾರ ತುಂಬಿದಾಗ ಮೊದಲ ಮದ್ದು. ಆಮೇಲೆ ಹಾಲು ಬಿಟ್ಟು ಎರಡು ವಾರ ಆಗುವ ತನಕ ಎರಡೆರಡು ವಾರಕ್ಕೊಮ್ಮೆ, ಅಲ್ಲಿಂದ ಆರು ತಿಂಗಳ ತನಕ ತಿಂಗಳಿಗೊಮ್ಮೆ. ಬೆಳೆದ ನಾಯಿ ಹೊರಗೆ ತಿರುಗುವಂಥದ್ದಾದರೆ ವರ್ಷಕ್ಕೆ ಕನಿಷ್ಠ ನಾಲ್ಕು ಬಾರಿ, ಇಲ್ಲವೇ ಮಲ ಪರೀಕ್ಷೆ ಮಾಡಿಸಿ ಹುಳ ಇದ್ದರೆ ಮಾತ್ರ. ಹಸಿ ಮಾಂಸ, ಕುರಿಯ ಒಳಭಾಗ ತಿನ್ನುವ ನಾಯಿಯ ಲೆಕ್ಕ ಬೇರೆ. ಎಕಿನೊಕಾಕಸ್ ನಾಯಿಯ ಹೊಟ್ಟೆ ಸೇರಿ ಸುಮಾರು ಆರು ವಾರಕ್ಕೇ ಮೊಟ್ಟೆ ಇಡಲು ತೊಡಗುವುದರಿಂದ ಅಲ್ಲಿ ಮೂರು ತಿಂಗಳು ದೀರ್ಘವಾಯಿತು.

ಹೀಗಿರುವಾಗ ‘ಸ್ನಾನ, ಉಗುರು, ಕಿವಿ, ಹುಳದ ಮಾತ್ರೆ, ಎಲ್ಲ ಸೇರಿ ಇಷ್ಟು ರೂಪಾಯಿ’ ಎಂಬ ತಿಂಗಳ ಪ್ಯಾಕೇಜು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಮರಿಗೆ ಸಾಲದು, ಮನೆಯೊಳಗೇ ಇರುವ ದೊಡ್ಡ ನಾಯಿಗೆ ಹೆಚ್ಚು. ಹೆಚ್ಚಾದರೆ ನಷ್ಟವೇನು ಎನ್ನುವವರಿಗೆ ಅಮೆರಿಕದ ರೇಸ್ ನಾಯಿಗಳ ಕಥೆ ಇದೆ. ಮತ್ತೆ ಮತ್ತೆ ಹುಳದ ಮದ್ದು ತಿಂದ ಗ್ರೇಹೌಂಡ್ ನಾಯಿಗಳಲ್ಲಿ ಒಂದಲ್ಲ, ಹಲವು ಮದ್ದುಗಳಿಗೆ ಜಗ್ಗದ ಕೊಕ್ಕೆಹುಳ ಹುಟ್ಟಿಕೊಂಡದ್ದನ್ನು ಅಲ್ಲಿನ ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು. ಹುಳದ ಮಾತ್ರೆ ಲಸಿಕೆಯಲ್ಲ ಎಂಬುದನ್ನೂ ಗಿರಾಕಿಗೆ ಬಿಡಿಸಿ ಹೇಳಬೇಕಾಗುತ್ತದೆ. ಅದು ಇವತ್ತು ಹೊಟ್ಟೆಯಲ್ಲಿರುವ ಹುಳವನ್ನು ಕೊಲ್ಲುತ್ತದೆ, ನಾಳೆ ಬರುವುದನ್ನು ತಡೆಯುವುದಿಲ್ಲ.

ಮನೆಯಲ್ಲೇ ಇರುವ ಮಾತ್ರೆಯ ಆಸೆಯೂ ಒಂದಿದೆ. ರಾಷ್ಟ್ರೀಯ ಜಂತುಹುಳ ನಿವಾರಣಾ ದಿನ 2015ರಲ್ಲಿ ಶುರುವಾದಂದಿನಿಂದ ಫೆಬ್ರವರಿ 10 ಎಂದರೆ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಎಂಬುದು ಹಳ್ಳಿಯವರಿಗೆಲ್ಲ ಗೊತ್ತು. ಮಕ್ಕಳಿಗೆ ಆಗುವುದು ನಾಯಿಗೂ ಆದೀತು ಎಂದು ಕೊಡುವವರಿದ್ದಾರೆ. ನಾಯಿ, ಬೆಕ್ಕುಗಳಲ್ಲಿ ಆಲ್ಬೆಂಡಜೋಲ್ ಮೂಳೆಯ ಮಜ್ಜೆಗೆ ಪೆಟ್ಟು ಕೊಟ್ಟು ರಕ್ತಕಣ ಇಳಿಸಿದ ಪ್ರಕರಣಗಳು ವೈದ್ಯ ದಾಖಲೆಗಳಲ್ಲಿವೆ. ಅಳತೆ, ದಿನ ತಪ್ಪಿದರೆ ಅಪಾಯ ಹೆಚ್ಚು.

ಬೆಕ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆಗೆ ರಿಯಾಯಿತಿಯೇ ಇಲ್ಲ. ಹುಳಕ್ಕೆ, ಉಣ್ಣಿಗೆ, ಚಿಗಟಕ್ಕೆ ಎಂದು ಕತ್ತಿನ ಹಿಂದೆ ಬಿಡುವ ಹನಿಮದ್ದುಗಳು ಒಂದೇ ಕಪಾಟಿನಲ್ಲಿರುತ್ತವೆ. ಅವುಗಳಲ್ಲಿ ಪರ್ಮೆಥ್ರಿನ್ ಇರುವ ನಾಯಿಯ ಮದ್ದು ಬೆಕ್ಕಿಗೆ ವಿಷ. ನಡುಕ ಬಂದು, ಸೆಳವು ಬಂದು ಸಾಯಬಹುದು. ಹಾಗಾಗಿ ನಾಯಿಗೆ ಮಾರುವಾಗಲೂ ‘ಮನೆಯಲ್ಲಿ ಬೆಕ್ಕಿದೆಯೇ’ ಎಂದು ಕೇಳಬೇಕು. ಕಾಲಿ ಜಾತಿಯ ನಾಯಿಗಳಿಗೆ ಐವರ್ಮೆಕ್ಟಿನ್ ಹೆಚ್ಚಾದರೆ ಮೆದುಳಿಗೆ ಏರುತ್ತದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ 2001ರಲ್ಲೇ ಪತ್ತೆಯಾಗಿದೆ. ಉಣ್ಣಿಗೆಂದು ಪಾರ್ಲರಿನಲ್ಲೇ ಐವರ್ಮೆಕ್ಟಿನ್ ಸೂಜಿ ಚುಚ್ಚುವ ಧೈರ್ಯ ಮಾಡುವವರು ಇದನ್ನು ತಿಳಿದಿರಬೇಕು. ಅದಕ್ಕಿಂತ ಮುಖ್ಯವಾಗಿ, ಚುಚ್ಚುವ ಹಕ್ಕೇ ಅವರಿಗಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ಪಶುಚಿಕಿತ್ಸೆ ನೋಂದಾಯಿತ ಪಶುವೈದ್ಯರ ಕೆಲಸ.

ಕಾನೂನಿನ ಎರಡೇ ಬಾಗಿಲು

ಇನ್ನು ಮಾರಾಟದ ಹಕ್ಕು. ‘ಇದೇನು ಮನುಷ್ಯರ ಔಷಧಿಯೇ, ನಾಯಿಯದು ತಾನೆ’ ಎಂಬುದು ಹಲವರ ನಂಬಿಕೆ. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ ಅರ್ಥವಿವರಣೆಯಲ್ಲೇ ಮನುಷ್ಯರ ಜೊತೆ ಪ್ರಾಣಿಗಳ ಔಷಧಿಯೂ ಸೇರಿದೆ. ಅದನ್ನು ಚಿಲ್ಲರೆಯಾಗಿ ಮಾರಲು ಔಷಧ ಲೈಸೆನ್ಸ್ ಬೇಕು. ಫಾರ್ಮಸಿಸ್ಟ್ ಇರುವ ಅಂಗಡಿಗೆ ಫಾರ್ಮ್ 20, 21ರಲ್ಲಿ ಕೊಡುವುದು ಒಂದು; ಫಾರ್ಮಸಿಸ್ಟರ ಮೇಲ್ವಿಚಾರಣೆ ಬೇಡದ ಔಷಧಿಗಳಿಗಷ್ಟೇ ಸೀಮಿತವಾಗಿ 20-ಎ, 21-ಎಯಲ್ಲಿ ಕೊಡುವುದು ಇನ್ನೊಂದು. ಈ ಎರಡನೆಯದರಲ್ಲಿ ಮೂಲ ಪೊಟ್ಟಣದಲ್ಲೇ ಮಾರಬೇಕೆಂಬ ಷರತ್ತಿದೆ. ಪಂಚಾಯತಿನಿಂದಲೋ ನಗರಸಭೆಯಿಂದಲೋ ಪಡೆದ ವ್ಯಾಪಾರದ ಲೈಸೆನ್ಸ್ ಇದಾವುದಕ್ಕೂ ಬದಲಿಯಲ್ಲ. ಸಾವಿರ ಜನಸಂಖ್ಯೆ ಮೀರದ ಹಳ್ಳಿಗಳ ಅಂಗಡಿಗಳಿಗೆ ಪ್ಯಾರಾಸಿಟಮಾಲ್, ಹರಳೆಣ್ಣೆಯಂಥ ಕೆಲವು ಮನೆಮದ್ದನ್ನು ಲೈಸೆನ್ಸ್ ಇಲ್ಲದೆ ಮಾರುವ ವಿನಾಯಿತಿಯನ್ನು ನಿಯಮಾವಳಿ ಕೊಟ್ಟಿದೆ. ನಾಯಿಯ ಹುಳದ ಮಾತ್ರೆ ಆ ಪಟ್ಟಿಯಲ್ಲಿಲ್ಲ.

ಲೈಸೆನ್ಸ್ ಇಲ್ಲದೆ ಮಾರಿದರೆ ಶಿಕ್ಷೆ ಸಣ್ಣದೇನಲ್ಲ. ಕಾಯ್ದೆಯ 27ನೇ ಸೆಕ್ಷನ್ನಿನಂತೆ ಮೂರರಿಂದ ಐದು ವರ್ಷ ಜೈಲು, ಕನಿಷ್ಠ ಒಂದು ಲಕ್ಷ ರೂಪಾಯಿ ಅಥವಾ ವಶಪಡಿಸಿಕೊಂಡ ಮಾಲಿನ ಮೂರು ಪಟ್ಟು ದಂಡ, ಯಾವುದು ಹೆಚ್ಚೋ ಅದು. ಒಂದು ಡಬ್ಬಿ ಹುಳದ ಮಾತ್ರೆಯ ಲಾಭಕ್ಕೆ ಈ ಅಪಾಯ ಹೊರುವ ಪಾರ್ಲರಿನವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆಯೋ? ಪ್ರಾಣಿ ಮಾರುವ ಅಂಗಡಿಗಳಿಗೆ 2018ರಲ್ಲಿ ಪ್ರತ್ಯೇಕ ನಿಯಮ ಬಂತು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಕಡ್ಡಾಯವಾಯಿತು. ಬರೀ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಪಾರ್ಲರು ಪ್ರಾಣಿಯನ್ನು ಮಾರುವುದಿಲ್ಲವಾದ್ದರಿಂದ ಅದರೊಳಗೆ ಬರುವುದಿಲ್ಲ. ಅಲ್ಲಿಗೆ ಪಶುಸಂಗೋಪನೆಯವರು ನೋಡುವುದಿಲ್ಲ, ಔಷಧ ನಿಯಂತ್ರಣದವರಿಗೆ ಅದು ಔಷಧದ ಅಂಗಡಿಯಂತೆ ಕಾಣುವುದೂ ಇಲ್ಲ.

ಬ್ರಿಟನ್ನಿನಲ್ಲಿ ಇದಕ್ಕೊಂದು ಮಧ್ಯದ ಬಾಗಿಲು ಇಟ್ಟಿದ್ದಾರೆ. 2013ರ ಪಶು ಔಷಧ ನಿಯಮಗಳಲ್ಲಿ ನಾಲ್ಕು ವರ್ಗಗಳಿವೆ. ಕೊನೆಯ ವರ್ಗದ ಹಗುರ ಮದ್ದನ್ನು ಯಾವ ಅಂಗಡಿಯಾದರೂ, ಪಾರ್ಲರಾದರೂ ಮಾರಬಹುದು. ಅದಕ್ಕೂ ಮೇಲಿನ ವರ್ಗದ, ಅಂದರೆ ಹೆಚ್ಚಿನ ಹುಳದ ಮಾತ್ರೆಗಳನ್ನು, ಪಶುವೈದ್ಯರಲ್ಲದಿದ್ದರೆ ಫಾರ್ಮಸಿಸ್ಟ್, ಅವರೂ ಅಲ್ಲದಿದ್ದರೆ ತರಬೇತಿ ಪಡೆದು ಪರೀಕ್ಷೆ ಪಾಸಾಗಿ ನೋಂದಾಯಿಸಿಕೊಂಡ ‘ಅರ್ಹ ವ್ಯಕ್ತಿ’ ಕೊಡಬಹುದು. ಕೊಳ್ಳುವವನಿಗೆ ಅದನ್ನು ಸುರಕ್ಷಿತವಾಗಿ ಬಳಸಲು ಬರುತ್ತದೆಯೇ ಎಂದು ವಿಚಾರಿಸಿ, ಹೇಗೆ ಬಳಸಬೇಕೆಂದು ಹೇಳಿಯೇ ಕೊಡಬೇಕು. ಅಲ್ಲೂ ಎಲ್ಲ ಸರಿಯಿದೆ ಎಂದಲ್ಲ. 2016ರಿಂದ 2018ರವರೆಗೆ ಇಂಗ್ಲೆಂಡಿನ 20 ನದಿಗಳಿಂದ ತೆಗೆದ ನೀರಿನ ಮಾದರಿಗಳಲ್ಲಿ ಶೇ. 98ಕ್ಕೂ ಹೆಚ್ಚಿನವುಗಳಲ್ಲಿ ಫಿಪ್ರೊನಿಲ್ ಎಂಬ ಚಿಗಟದ ಮದ್ದು ಸಿಕ್ಕಿತೆಂದು ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದರು. ಮದ್ದು ಹಚ್ಚಿದ ನಾಯಿಯನ್ನು ತೊಳೆದ ನೀರು ಅದಕ್ಕೊಂದು ದಾರಿ ಎಂಬ ಅನುಮಾನವಿದೆ. ಪಾರ್ಲರಿನ ಚರಂಡಿ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಇಲ್ಲಿಗೂ ಅನ್ವಯ. ಹನಿಮದ್ದು ಹಾಕಿದ ಎರಡು ದಿನ ಸ್ನಾನ ಬೇಡ ಎಂದು ಪೊಟ್ಟಣದ ಮೇಲೇ ಬರೆದಿರುತ್ತಾರೆ. ಸ್ನಾನದ ಮರುಗಳಿಗೆಯೇ ಹನಿಮದ್ದು ಮಾರುವುದು, ಹನಿಮದ್ದಿನ ಮಾರನೇ ದಿನವೇ ಸ್ನಾನಕ್ಕೆ ಹೊತ್ತು ಕೊಡುವುದು ಎರಡೂ ಹಣ ಹಾಳು.

ನಮ್ಮಲ್ಲಿ ಆ ಮಧ್ಯದ ಬಾಗಿಲಿಲ್ಲ. ಹಾಗಾಗಿ ಗಡಿಪೇಟೆಯ ಸಣ್ಣ ಪಾರ್ಲರಿಗೆ ಸದ್ಯಕ್ಕೆ ಸರಿಯಾದ ದಾರಿ ಸ್ಟ್ರಿಪ್ಪುಗಳನ್ನು ಕಪಾಟಿನಿಂದ ಇಳಿಸುವುದೇ. ಲೈಸೆನ್ಸ್ ತೆಗೆದು, ಬಿಲ್ಲಿನಲ್ಲಿ ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ ಬರೆದು ಮಾರುವಷ್ಟು ದೊಡ್ಡ ವ್ಯವಹಾರ ಇರುವವರ ಮಾತು ಬೇರೆ. ಅಂಥವರು ಕೂಡ ಪ್ರತಿ ಸ್ಟ್ರಿಪ್ಪಿಗೆ ಕೆಲಸದ ಹುಡುಗರಿಗೆ ಕಮಿಷನ್ ಕೊಡುವುದನ್ನು ಬಿಡಬೇಕು. ಕಮಿಷನ್ ಬಂದರೆ ಎಲ್ಲ ನಾಯಿಗೂ ಹುಳ ಬರುತ್ತದೆ.

‘ನಾವು ಕೊಡದಿದ್ದರೆ ಮೆಡಿಕಲ್ಲಿನಲ್ಲಿ ಕೇಳಿ ತಿನ್ನಿಸುತ್ತಾರೆ, ಇಲ್ಲವೇ ಆನ್‌ಲೈನಿನಲ್ಲಿ ತರಿಸುತ್ತಾರೆ, ಡಾಕ್ಟರ ಹತ್ತಿರ ಹೋಗುವವರು ಯಾರು’ ಎಂಬುದು ಪಾರ್ಲರಿನವರ ವಾದ. ಅದರಲ್ಲಿ ಸುಳ್ಳಿಲ್ಲ. ಮೃಗಾಸ್ಪತ್ರೆ ದೂರ, ಡಾಕ್ಟರು ಇದ್ದರೂ ದನದ ಕರೆಗೆ ಹೋಗಿರುತ್ತಾರೆ. ಆದರೆ ಮಾತ್ರೆ ಮಾರದೆಯೂ ಪಾರ್ಲರು ಮಾಡಬಹುದಾದ ಕೆಲಸವೇ ಇಲ್ಲಿ ಹೆಚ್ಚು ಬೆಲೆಯದು. ನಾಯಿಯನ್ನು ತೂಗಿ, ಬಾಲದ ಬುಡ, ಒಸಡು, ಚಿಗಟ ನೋಡಿ, ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು. ತೂಕ ಎಷ್ಟು, ವಯಸ್ಸು ಎಷ್ಟು, ಗಬ್ಬವೇ, ಹಾಲೂಡುತ್ತಿದೆಯೇ, ಹಿಂದಿನ ಮದ್ದು ಯಾವಾಗ, ಮನೆಯಲ್ಲಿ ಬೆಕ್ಕು, ಅಂಬೆಗಾಲಿನ ಮಗು ಇದೆಯೇ. ಆ ಚೀಟಿ ಹಿಡಿದು ಮನೆಯವರೊಬ್ಬರೇ ಹೋದರೂ ಪಶುವೈದ್ಯರ ಅರ್ಧ ಕೆಲಸ ಮುಗಿದಿರುತ್ತದೆ. ರಕ್ತಭೇದಿ ಇರುವ, ಒಸಡು ಬೆಳ್ಳಗಾದ ಮರಿಯನ್ನಾದರೆ ಸ್ನಾನವನ್ನೂ ಮಾಡಿಸದೆ ನೇರ ಆಸ್ಪತ್ರೆಗೆ ಕಳುಹಿಸಬೇಕು. ಕೊಕ್ಕೆಹುಳ ರಕ್ತ ಹೀರಿದ ಮರಿಗೆ ಒಂದೆರಡು ದಿನವೂ ದುಬಾರಿ. ಪಾರ್ಲರಿನಲ್ಲಿ ವಾರಕ್ಕೊಮ್ಮೆ ಪಶುವೈದ್ಯರು ಬಂದು ಕೂರುವ ಏರ್ಪಾಡಾದರೆ ಇನ್ನೂ ಒಳ್ಳೆಯದು. ತಾವು ಪರೀಕ್ಷಿಸಿದ ಪ್ರಾಣಿಗೆ ಮದ್ದು ಕೊಡಲು ಅವರಿಗೆ ಕಾನೂನಿನ ಅಡ್ಡಿಯಿಲ್ಲ.

ಚೀಟಿ ಯಾವ ಭಾಷೆಯಲ್ಲಿ ಎಂಬುದು ಗಡಿಯಲ್ಲಿ ಸಣ್ಣ ಪ್ರಶ್ನೆಯಲ್ಲ. ಸ್ಟ್ರಿಪ್ಪಿನ ಮೇಲೆ ಇರುವುದು ಇಂಗ್ಲಿಷು, ಅದೂ ಭೂತಗನ್ನಡಿ ಬೇಕಾಗುವಷ್ಟು ಸಣ್ಣಕ್ಷರ. ಮಂಗಳೂರಿನ ಪಾರ್ಲರಿನವನು ಕನ್ನಡದಲ್ಲಿ ಬರೆದದ್ದನ್ನು ಕುಂಬಳೆಯ ಮೃಗಾಸ್ಪತ್ರೆಗೆ ಹೊಸದಾಗಿ ಬಂದ ಮಲಯಾಳಿ ಡಾಕ್ಟರು ಓದಬೇಕು. ಹೊಸೂರಿನ ತಮಿಳು ಚೀಟಿಯನ್ನು ಮನೆಯಲ್ಲಿ ಕನ್ನಡ ಓದುವ ಅಜ್ಜಿ ಓದಬೇಕು, ಯಾಕೆಂದರೆ ನಾಯಿಗೆ ಮಾತ್ರೆಯನ್ನು ಅನ್ನದಲ್ಲಿ ಕಲಸಿ ಕೊಡುವವಳು ಅವಳೇ. ಮದ್ದಿನ ಹೆಸರು, ತೂಕ, ತಾರೀಕು ಇಂಗ್ಲಿಷಿನಲ್ಲೂ, ಹೇಗೆ ಕೊಡಬೇಕೆಂಬುದು ಮನೆಮಾತಿನಲ್ಲೂ ಇದ್ದರೆ ಸಾಕು. ಗಡಿ ದಾಟಿ ಕೊಂಡ ಮದ್ದಿನಿಂದ ತೊಂದರೆಯಾದರೆ ದೂರು ಕೊಡಬೇಕಾದದ್ದು ಅಂಗಡಿ ಇರುವ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗೆ, ಮನೆ ಇರುವ ರಾಜ್ಯದವರಿಗಲ್ಲ. ದೂರಿಗೆ ಬಿಲ್ಲು ಬೇಕು. ಸ್ನಾನದ ಬಿಲ್ಲಿನಲ್ಲಿ ‘ಇತರೆ’ ಎಂದಷ್ಟೇ ಬರೆದಿದ್ದರೆ ಹುಳದ ಮಾತ್ರೆ ಕೊಂಡದ್ದಕ್ಕೆ ಸಾಕ್ಷಿಯೇ ಇಲ್ಲ.